ಡಾಯನಮೋಗೆ ಕಟ್ಟಿದ ಹಗ್ಗ

“ಸತ್ತ ಎಮ್ಮಿ ಅಲ್ಲಲೇ ಅದು, ಎಳದ ಹಾಕಾಕ. ಎತ್ತಲೇ ಮಾದಿಗ ಸೂಳೆಮಗನ, ಹೆಗಲಾ ಕೊಟ್ಟ ಎತ್ತು.”

ಪಾಟೀಲರ ಕಾರಭಾರಿ ಬಂಡೆಪ್ಪ ಸೋಲಾಪುರದ ಒಂದು ಯಂತ್ರದ ಅಂಗಡಿಯ ಕಟ್ಟೆಯ ಮೇಲೆ ಕೊಡೆ ಹಿಡಿದು ನಿಂತಿದ್ದ. ಕೆಳಗೆ, ಲಾರಿಗೆ ಆನಿಸಿದ್ದ ಎರಡು ತೊಲೆಗಳ ಮೇಲೆ ಡಾಯನಮೋ ಅರ್ಧದಾರಿಯಲ್ಲಿ ನಿಂತುಬಿಟ್ಟಿತ್ತು. ಮೇಲಿನಿಂದ ಅಂಗಡಿಯ ಹಮಾಲರು ಎಳೆಯುತ್ತಿದ್ದರು. ಕೆಳಗಿನಿಂದ ಸೈದಪ್ಪ ಮತ್ತು ಅವನ ಅಕ್ಕನ ಗಂಡ ಕಾಶಪ್ಪ ಹೆಗಲು ಕೊಟ್ಟಿದ್ದರು. ತೊಲೆ ಜಾರಿದರೆ ಮೇಲಿನವರು ಹಗ್ಗ ಬಿಟ್ಟು ಹಿಂದೆ ಸರಿಯಬಹುದಿತ್ತು. ಕೆಳಗಿನವರಿಗೆ ಸರಿಯಲು ಜಾಗವಿರಲಿಲ್ಲ.

ಒಂದೇ ಕಬ್ಬಿಣದ ಚೌಕಟ್ಟಿನ ಮೇಲೆ ಇಂಜಿನ್ನೂ ವಿದ್ಯುತ್ ಹುಟ್ಟಿಸುವ ಡಾಯನಮೋವೂ ಕೂತಿದ್ದವು. ಎಲ್ಲಿಗೆ ಬೇಕಾದರೂ ಹೊತ್ತು ಒಯ್ಯಬಹುದು ಎಂದು ಅಂಗಡಿಯವನು ಪಾಟೀಲರಿಗೆ ಹೇಳಿದ್ದ. ಹೊರುವವರು ಯಾರೆಂಬ ಮಾತು ಬಂದಿರಲಿಲ್ಲ.

ಸೋಲಾಪುರದಲ್ಲಿ ಬ್ರಿಟಿಷರ ಮಾರ್ಶಲ್ ಲಾ ಆಗಿ ಹೋದ ಮೇಲಿನ ಮೂರನೆಯ ಬೇಸಿಗೆ ಅದು. ಬೋರಿ ಹೊಳೆಯ ಆಚೆಯ ಊರಿನಲ್ಲಿ ಪಾಟೀಲ ಶಾಂತಲಿಂಗಪ್ಪನ ಮಗಳ ಮದುವೆ ಗೊತ್ತಾಗಿತ್ತು. ಆ ಸುತ್ತಿನಲ್ಲಿ ಯಾರ ಮನೆಯ ಹಂದರದಲ್ಲೂ ಉರಿಯದ ವಿದ್ಯುತ್ ದೀಪ ತನ್ನ ಹಂದರದಲ್ಲಿ ಉರಿಯಬೇಕೆಂದು ಪಾಟೀಲ ಹಟ ತೊಟ್ಟಿದ್ದ. ಕೇರಿಯಿಂದ ಇಬ್ಬರನ್ನು ಬಿಟ್ಟಿಗೆ ಹಿಡಿದು ತರಲಾಯಿತು. ಸೈದಪ್ಪ ಹೊಸದಾಗಿ ಹೊಸೆದ ಪುಂಡಿನಾರಿನ ಎರಡು ಹಗ್ಗಗಳನ್ನು ಹೆಗಲಿಗೆ ಹಾಕಿಕೊಂಡು ಬಂದಿದ್ದ.

ವರ್ಷಾ ವರ್ಷ ಪಾಟೀಲರ ಮನೆಗೆ ಹಗ್ಗ ಕೊಡುವುದು ಅವನ ಮನೆತನದ ಪಾಲಿಗೆ ಬಂದ ಕೆಲಸ. ಎತ್ತಿಗೆ ಹಗ್ಗ, ಬಂಡಿಗೆ ಹಗ್ಗ, ಬಾವಿಗೆ ಹಗ್ಗ. ಬಾವಿಯ ಹಗ್ಗದ ಮೇಲೆ ಪಾಟೀಲರ ಮನೆಯವರು ಬೂದಿ ನೀರು ಚಿಮುಕಿಸಿ ಒಳಗೆ ಒಯ್ಯುತ್ತಿದ್ದರು. ಆಮೇಲೆ ಅದು ದಿನಾಲೂ ಬಾವಿಗೆ ಇಳಿಯುತ್ತಿತ್ತು. ಹೊಸೆದವನು ಬಾವಿಯ ಕಟ್ಟೆ ಏರಿದವನಲ್ಲ.

ಡಾಯನಮೋ ಕಡೆಗೂ ಲಾರಿ ಹತ್ತಿತು. ಸೈದಪ್ಪ ಒಂದು ಹಗ್ಗವನ್ನು ಚೌಕಟ್ಟಿನ ಬಲಗಡೆಯಿಂದ ಲಾರಿಯ ಮುಂದಿನ ಸರಳಿಗೆ ಬಿಗಿದ, ಇನ್ನೊಂದನ್ನು ಎಡಗಡೆಯಿಂದ. ಹೊಸ ಹಗ್ಗ ಮೊದಲ ಭಾರಕ್ಕೆ ಹಿಗ್ಗುತ್ತದೆ. ಕೇರಿಯ ಹೆಂಗಸರಿಗೂ ಅದು ಗೊತ್ತು. ಅಕ್ಕಲಕೋಟೆಯಲ್ಲಿ ಲಾರಿ ನಿಲ್ಲಿಸಿದಾಗ ಇನ್ನೊಮ್ಮೆ ಜಗ್ಗಿ ಬಿಗಿಯಬೇಕೆಂದು ಅವನು ಲೆಕ್ಕ ಹಾಕಿಕೊಂಡ.

ಬಂಡೆಪ್ಪನಿಗೆ ಹಗ್ಗದ ಮೇಲೆ ಭರವಸೆ ಬರಲಿಲ್ಲ. ಲಾರಿಯ ಹಿಂದಿನ ಹಲಗೆಗೆ ಬೆನ್ನು ಕೊಟ್ಟು, ಚೌಕಟ್ಟಿಗೆ ಕಾಲು ಒತ್ತಿ ಕೂಡಲು ಕಾಶಪ್ಪನಿಗೆ ಅಪ್ಪಣೆಯಾಯಿತು. ಬಂಡಿಯ ಗಾಲಿಗೆ ಕಲ್ಲು ಕೊಡುತ್ತಾರಲ್ಲ, ಹಾಗೆ. ಸೈದಪ್ಪ ಇನ್ನೊಂದು ಮೂಲೆಯಲ್ಲಿ ಕೂತ. ಬಂಡೆಪ್ಪ ಡ್ರಾಯವರ್ ದಸ್ತಗೀರನ ಪಕ್ಕಕ್ಕೆ ಹೋಗಿ ಕೂತ ಮೇಲೆ ಲಾರಿ ಹೊರಟಿತು.

ದಾರಿಯುದ್ದಕ್ಕೂ ಧೂಳು. ಕಾಶಪ್ಪ ಸುಮ್ಮನೆ ಕೂಡುವ ಆಸಾಮಿಯಲ್ಲ. ಇಂಜಿನ್ನಿಗೆ ಕಾಲು ಒತ್ತಿಕೊಂಡೇ ಅವನಿಗೊಂದು ಚಿಂತೆ ಹತ್ತಿತು.

“ಸೈದ್ಯಾ, ಪಾಟೀಲರ ಹಂದರದಾಗಿನ ಬೆಳಕು ನಮ್ಮ ಕೇರೀತನ ಬಂತಂದ್ರ ಏನ್ ಮಾಡೂದೋ?”

“ಏನ್ ಮಾಡೂದ ಮಾವ?”

“ಬೆಳಕಿಗಿ ಮೈಲಿಗಿ ಆಕ್ಕೈತಲ್ಲೋ. ವಾಪಸ್ ಹೋಗೂ ಮದ್ಲ ಅದೂ ಜಳಕಾ ಮಾಡಬೇಕೇನು?”

ಸೈದಪ್ಪ ಬಹಳ ಹೊತ್ತು ನಕ್ಕ. ಅಕ್ಕ ಮಲಕಮ್ಮ ಇವನ ಜೊತೆ ಹೇಗೆ ಬಾಳುವೆ ಮಾಡುತ್ತಾಳೋ ಎಂದು ಕೇಳಿದ. ಅವಳು ನಗೂದಿಲ್ಲ, ಬೈತಾಳ ಎಂದು ಕಾಶಪ್ಪ ಹೇಳಿದ.

ಅಕ್ಕಲಕೋಟೆ ದಾಟುವಾಗ ಊರ ಹೊರಗಿನ ಒಂದು ಸಣ್ಣ ಹಣಮಪ್ಪನ ಗುಡಿಯ ಮುಂದೆ ಬಂಡೆಪ್ಪ ಲಾರಿ ನಿಲ್ಲಿಸಿದ. ಮದುವೆಗೆ ಹೊರಟ ಯಂತ್ರ, ಪೂಜೆಯಿಲ್ಲದೆ ಊರು ಸೇರಬಾರದೆಂಬುದು ಪಾಟೀಲರ ಮಾತು. ಇಬ್ಬರನ್ನೂ ಇಳಿಸಿ ಬೇಲಿಯ ಆಚೆ ನಿಲ್ಲಿಸಲಾಯಿತು. ಪೂಜಾರಿ ಮೂಗು ಮುಚ್ಚಿಕೊಂಡು ಲಾರಿ ಹತ್ತಿದ. ಯಂತ್ರಕ್ಕೂ ಹಗ್ಗಗಳಿಗೂ ಗೋಮೂತ್ರ ಚಿಮುಕಿಸಿದ. ಇಂಜಿನ್ನಿನ ಹಣೆಗೆ ಎಣ್ಣೆಯಲ್ಲಿ ಕಲಸಿದ ಕುಂಕುಮ ದಪ್ಪಗೆ ಬಳಿದು, ಚೌಕಟ್ಟಿನ ಸಂದಿಯಲ್ಲಿ ಕಾಯಿ ಇಟ್ಟ. ಬೇಲಿಯಾಚೆ ಕಾಶಪ್ಪ ಕೈ ಮುಗಿದ.

ಸೈದಪ್ಪನ ಕಣ್ಣು ಹಗ್ಗದ ಮೇಲಿತ್ತು. ಎರಡೂ ಜೋತುಬಿದ್ದಿದ್ದವು. ಪೂಜಾರಿ ಇಳಿದ ಕೂಡಲೇ ಅವನು ಬಂಡೆಪ್ಪನ ಹತ್ತಿರ ಬಂದು, ಹೊಳೆಯ ಏರು ಬರುವ ಮೊದಲೇ ಹಗ್ಗ ಬಿಗಿಯಬೇಕು ಎಂದು ಕೇಳಿಕೊಂಡ. ಕೇಳದೆ ಹತ್ತಿ ಬಿಗಿದುಬಿಟ್ಟಿದ್ದರೆ ಆಗುತ್ತಿತ್ತು ಎಂದು ಅವನಿಗೆ ಆಮೇಲೆ ಅನ್ನಿಸಿತು. ಕೇಳುವುದು ಹುಟ್ಟಿನಿಂದ ಬಂದ ರೂಢಿ.

“ಪೂಜಿ ಆಗೇದ, ಕಣ್ಣ ಕಾಣೂದಿಲ್ಲೇನಲೇ?” ಎಂದ ಬಂಡೆಪ್ಪ. “ಇನ್ನ ಮಶೀನ ಮುಟ್ಟಬ್ಯಾಡ, ಹಗ್ಗಾನೂ ಮುಟ್ಟಬ್ಯಾಡ.”

“ಹಗ್ಗ ಸಡಲ ಆಗೇತ್ರಿ ಎಪ್ಪಾ. ನೀವರೆ ಬಿಗೀರಿ.”

ಬಂಡೆಪ್ಪ ಧೋತರ ಎತ್ತಿಕೊಂಡು ಲಾರಿ ಹತ್ತಿದ. ಬಲಗಡೆಯ ಹಗ್ಗದ ಗಂಟು ಬಿಚ್ಚಿ ಎರಡು ಸಲ ಜಗ್ಗಿ, ಧೋತರ ಕಟ್ಟುವ ಹಾಗೆ ಒಂದು ಗಂಟು ಹಾಕಿದ. ಅಷ್ಟರಲ್ಲಿ ಅಂಗೈ ಉರಿಯಿತು. ಎಡಗಡೆಯದನ್ನು ಹಾಗೆಯೇ ಬಿಟ್ಟು ಇಳಿದ. ಮತ್ತೆ ಅದೇ ಜಾಗದಲ್ಲಿ ಕೂಡಬೇಕು, ಯಂತ್ರ ಜಾರದ ಹಾಗೆ ನೋಡಿಕೊಳ್ಳಬೇಕು, ಮೈ ಮಾತ್ರ ತಾಗಿಸಬಾರದು ಎಂದು ಇಬ್ಬರಿಗೂ ತಾಕೀತು ಮಾಡಿದ.

ಅಲ್ಲಿಂದ ಮುಂದೆ ಕಾಶಪ್ಪ ಮೊಣಕಾಲನ್ನು ಎದೆಗೆ ಮಡಚಿಕೊಂಡು ಕೂತ. ನಗೆಮಾತು ನಿಂತಿತು. ಲಾರಿ ಕುಲುಕಿದಾಗೆಲ್ಲ ಕಬ್ಬಿಣದ ಚೌಕಟ್ಟು ಅವನ ಪಾದದ ಹತ್ತಿರಕ್ಕೆ ಬರುತ್ತಿತ್ತು. ಅವನು ಪಾದವನ್ನು ಇನ್ನಷ್ಟು ಒಳಕ್ಕೆ ಎಳೆದುಕೊಳ್ಳುತ್ತಿದ್ದ. ಎಳೆದುಕೊಳ್ಳಲು ಉಳಿದ ಜಾಗ ಕಡಿಮೆಯಾಗುತ್ತ ಬಂತು.

ಬೋರಿ ಹೊಳೆಯಲ್ಲಿ ಮೊಣಕಾಲುದ್ದ ನೀರಿತ್ತು. ಲಾರಿ ನೀರು ದಾಟಿತು. ಆಚೆ ದಂಡೆಯ ಏರಿನಲ್ಲಿ ಮೂತಿ ಮೇಲೆತ್ತಿದಾಗ ಬಂಡೆಪ್ಪನ ಗಂಟು ಬಿಚ್ಚಿಕೊಂಡಿತು. ಡಾಯನಮೋ ಹಿಂದಕ್ಕೆ ಜಾರಿತು. ಎಡಗಡೆಯ ಹಗ್ಗ ಬಿಗಿದುಕೊಂಡು ಯಂತ್ರವನ್ನು ತಡೆಯಿತು. ಆದರೆ ಅಷ್ಟರಲ್ಲಿ ಚೌಕಟ್ಟಿನ ಮೂಲೆ ಪಕ್ಕಕ್ಕೆ ಹೊರಳಿದ ಕಾಶಪ್ಪನ ಮೊಣಕಾಲಿನ ಮೇಲ್ಭಾಗವನ್ನು ಹಿಂದಿನ ಹಲಗೆಗೆ ಒತ್ತಿ ಹಿಡಿದಿತ್ತು.

ಕಾಶಪ್ಪ ಕೂಗಲಿಲ್ಲ. ಬಾಯಿ ತೆರೆದ, ಅಷ್ಟೇ. ಕೂಗಿದವನು ಸೈದಪ್ಪ.

ಲಾರಿ ನಿಂತಿತು. ಬಂಡೆಪ್ಪ ಇಳಿದು ಬಂದು ಮೊದಲು ಕಾಯಿ ನೋಡಿದ. ಅದು ಇದ್ದಲ್ಲೇ ಇತ್ತು. ಸೈದಪ್ಪ ಎರಡೂ ಕೈಯನ್ನು ಚೌಕಟ್ಟಿನತ್ತ ಚಾಚಿದ್ದ.

“ಮುಟ್ಟಬ್ಯಾಡ.”

ಕೈ ತಾನಾಗಿಯೇ ಹಿಂದೆ ಬಂತು. ಕಾಶಪ್ಪನ ಕಣ್ಣು ಆ ಕೈಯನ್ನೇ ನೋಡುತ್ತಿತ್ತು.

ಹಿಂದಿನ ಹಲಗೆಯ ಕೊಂಡಿ ತೆಗೆದರೆ ಕಾಲು ಬಿಡುತ್ತದೆ ಎಂದು ಸೈದಪ್ಪ ಗೋಗರೆದ. ಹಲಗೆ ತೆಗೆದರೆ ಯಂತ್ರ ಹೊಳೆಗೆ ಬೀಳುತ್ತದೆ ಎಂದ ಬಂಡೆಪ್ಪ. ಮೇಲಿನ ವಸ್ತಿಯಿಂದ ಜಾತಿಯವರನ್ನು ಕರೆತಂದು ಯಂತ್ರ ಸರಿಸಿದ ಮೇಲೆ ಕಾಲಿನ ವಿಚಾರ.

“ಅಲ್ಲೀತನ ಕಾಲರೀ?”

“ಕಾಲ ಹೋದ್ರ ಕುಂಟತಾನ. ಇದು ಹೋದ್ರ ಪಾಟೀಲ್ರು ನನ್ನ ಹುಗೀತಾರ, ನಿಮ್ಮ ಕೇರಿ ಸುಡತಾರ. ಹಂಗ ಇರ್ಲಿ.”

ಕೊಡೆ ಬಿಚ್ಚಿಕೊಂಡು ಅವನು ಏರು ಹತ್ತಿ ಹೋದ.

ದಸ್ತಗೀರ ಬ್ರೇಕಿನ ಮೇಲಿನ ಕಾಲು ತೆಗೆದಿರಲಿಲ್ಲ. ಸೈದಪ್ಪ ಗಾಲಿಗೆ ಕಲ್ಲು ಕೊಟ್ಟರೂ ಅವನಿಗೆ ನಂಬಿಕೆ ಬರಲಿಲ್ಲ. ಇಳಿದು ಬಾ ಎಂದರೆ, “ಗಾಡಿ ಉಳ್ಳಿದ್ರ ಮೂವರೂ ಹೋಗ್ತೇವ ಭಾಯಿ” ಎಂದ. ತಿರುಗಿ ನೋಡಲಿಲ್ಲ.

ಹಲಗೆಯ ಸಂದಿಯಿಂದ ರಕ್ತ ತೊಟ್ಟಿಕ್ಕುತ್ತಿತ್ತು. ಕಾಶಪ್ಪನ ತುಟಿ ಬೂದಿಯ ಬಣ್ಣಕ್ಕೆ ತಿರುಗಿತ್ತು.

“ಸೈದ್ಯಾ.”

“ಹೇಳ ಮಾವ.”

“ಇದಕ್ಕ ನಾ ಕೈ ಮುಗದಿದ್ದೆ ಅಂತ ನಿಮ್ಮಕ್ಕಗ ಹೇಳಬ್ಯಾಡ. ಬೈತಾಳ.”

ಸೈದಪ್ಪ ಕೊಂಡಿ ತೆಗೆದ.

ಹಲಗೆ ಕೆಳಗೆ ಬಿತ್ತು. ಡಾಯನಮೋ ಇನ್ನೂ ಗೇಣುದ್ದ ಹಿಂದಕ್ಕೆ ಜಾರಿ ಲಾರಿಯ ಅಂಚಿನಲ್ಲಿ ನಿಂತಿತು. ಎಡಗಡೆಯ ಹಗ್ಗ ಕಿರ್ ಎಂದಿತು, ಹರಿಯಲಿಲ್ಲ. ಸೈದಪ್ಪ ಕಾಶಪ್ಪನ ಕಂಕುಳಿಗೆ ಕೈ ಕೊಟ್ಟು ಪಕ್ಕಕ್ಕೆ ಎಳೆದು, ಹೊತ್ತು ಇಳಿಸಿ, ದಾರಿಯ ಬದಿಗೆ ಮಲಗಿಸಿದ. ಎಲುಬು ಹೊರಗೆ ಕಾಣುತ್ತಿತ್ತು. ರುಮಾಲು ಬಿಚ್ಚಿ ತೊಡೆಗೆ ಬಿಗಿದ. ಅಕ್ಕಲಕೋಟೆಯಲ್ಲಿ ದವಾಖಾನೆಯಿತ್ತು. ಅಲ್ಲಿಯ ಡಾಕ್ಟರು ಇಂಥ ಕಾಲನ್ನು ಮುಟ್ಟುತ್ತಾನೋ ಇಲ್ಲವೋ ಗೊತ್ತಿರಲಿಲ್ಲ. ಬೆನ್ನಿಗೆ ಕಟ್ಟಿಕೊಂಡು ಹೋಗಬೇಕು, ಬೇರೆ ದಾರಿಯಿಲ್ಲ. ಬಿಚ್ಚಿಬಿದ್ದ ಬಲಗಡೆಯ ಹಗ್ಗ ಅದಕ್ಕೆ ಸಾಕಾಗುತ್ತಿತ್ತು. ಅದನ್ನು ತಂದಿಟ್ಟ.

ಆಮೇಲೆ ಮತ್ತೆ ಲಾರಿ ಹತ್ತಿದ.

ಎರಡೂ ಅಂಗೈಗಳನ್ನು ಇಂಜಿನ್ನಿನ ಹಣೆಗೆ ಅಗಲವಾಗಿ ಊರಿದ. ಕಬ್ಬಿಣ ಬಿಸಿಲಿಗೆ ಕಾದಿತ್ತು. ಹಾಗೆಯೇ ಸ್ವಲ್ಪ ಹೊತ್ತು ನಿಂತ. ಅಂಗೈಗೆ ಹತ್ತಿದ ಕುಂಕುಮವನ್ನು ಧೋತರಕ್ಕೆ ಒರೆಸಿಕೊಂಡು ಮುಂದೆ ಹೋಗಿ, ಎಡಗಡೆಯ ಗಂಟಿಗೆ ಕೈ ಹಾಕಿದ.

ಈಗ ದಸ್ತಗೀರ ಕತ್ತು ತಿರುಗಿಸಿದ. “ಅದನ್ಯಾಕ ಬಿಚ್ಚತೀ?”

“ಹಗ್ಗ ನಂದ.”

ಅವನದೇ ಗಂಟು, ಭಾರಕ್ಕೆ ಕಲ್ಲಿನಂತೆ ಕೂತಿತ್ತು. ಕೊಡಲಿ ಇರಲಿಲ್ಲ, ಇದ್ದರೂ ಹಗ್ಗ ಹೊಸೆಯುವವನು ಹಗ್ಗ ಕಡಿಯುವುದಿಲ್ಲ. ಹಲ್ಲಿನಿಂದ ಒಂದು ಎಳೆ ಸಡಿಲಿಸಿ, ಬೆರಳು ತೂರಿಸಿದ. ಗಂಟು ಬಿಟ್ಟಿತು. ಲಾರಿ ಒಮ್ಮೆ ಹಗುರಾಗಿ ಮೇಲಕ್ಕೆ ಎದ್ದಿತು. ಡಾಯನಮೋ ಕಲ್ಲಿನಿಂದ ಕಲ್ಲಿಗೆ ಉರುಳಿ ಮಡುವಿನಲ್ಲಿ ತಲೆಕೆಳಗಾಗಿ ಬಿತ್ತು. ಕಾಯಿ ಮಾತ್ರ ತೇಲಿತು.

“ನಾ ಬ್ರೇಕ್ ಮ್ಯಾಲಿದ್ದೆ,” ಎಂದ ದಸ್ತಗೀರ, ಯಾರಿಗೆ ಎಂದಿಲ್ಲದೆ. “ನಾ ಏನೂ ನೋಡಿಲ್ಲ.”

ಸೈದಪ್ಪ ಹಗ್ಗವನ್ನು ಮೊಣಕೈಗೂ ಹೆಬ್ಬೆರಳಿಗೂ ಸುತ್ತುತ್ತ ಸಿಂಬಿ ಮಾಡಿ ಹೆಗಲಿಗೆ ಹಾಕಿಕೊಂಡ. ಇನ್ನೊಂದರಿಂದ ಕಾಶಪ್ಪನನ್ನು ಬೆನ್ನಿಗೆ ಕಟ್ಟಿಕೊಂಡ. ಏರಿನ ತುದಿಯಲ್ಲಿ ಮೊದಲು ಕೊಡೆ ಕಾಣಿಸಿತು, ಆಮೇಲೆ ಅದರ ಹಿಂದೆ ಬಡಿಗೆಗಳು. ಬಂಡೆಪ್ಪನ ಬೈಗುಳ ಇಳಿಜಾರಿನಲ್ಲಿ ಇಳಿದು ಬಂತು. ಆ ದಂಡೆಯ ಮೇಲೆಯೇ ಮಲಕಮ್ಮ ಇದ್ದಳು, ಕೇರಿ ಇತ್ತು. ಇವನ ಮುಖ ಅಕ್ಕಲಕೋಟೆಯ ಕಡೆಗಿತ್ತು.

ಅವನು ನೀರಿಗೆ ಕಾಲಿಟ್ಟ. ಬೆನ್ನ ಮೇಲಿನ ತಲೆ ಹೆಗಲಿಗೆ ವಾಲಿತು.

“ಹಗ್ಗ ತಂದೀ?”

“ಎರಡೂ ತಂದೀನಿ ಮಾವ.”

ಹಿಂದೆ ಯಾರೋ ನೀರಿಗೆ ಧುಮುಕಿದ ಸದ್ದಾಯಿತು, ಆಮೇಲೆ ಇನ್ನೊಬ್ಬರು. ಮುಂದಿನ ದಂಡೆ ಇನ್ನೂ ದೂರವಿತ್ತು. ಕಾಶಪ್ಪ ಮತ್ತೆ ಏನೂ ಕೇಳಲಿಲ್ಲ.