ಆರನೇ ಪೈಪಿನ ಉಸುಕು

ನಿಮ್ಮ ವಾಟ್ಸಾಪ್ ಗ್ರೂಪಿನಲ್ಲಿ ‘ಅಜ್ಜನಿಗೆ ಮರೆವು, ಇದ್ದದ್ದು ಇಲ್ಲದ್ದು ಸೇರಿಸಿ ಹೇಳುತ್ತಾನೆ’ ಅಂತ ಹಾಕಿದವನು ಯಾರು? ಗೊತ್ತಿದೆ ನನಗೆ, ಹೆಸರು ಹೇಳಿ ಮರ್ಯಾದೆ ತೆಗೆಯುವುದಿಲ್ಲ. ನಿನ್ನೆ ತಿಂದ ಪಲ್ಯ ಯಾವುದು ಅಂತ ಕೇಳಿದರೆ ನೆನಪಿಲ್ಲ, ಒಪ್ಪಿದೆ. ಆದರೆ ಎಂಬತ್ತೊಂದನೇ ಇಸವಿಯ ಆ ಮಂಗಳವಾರ ಯಾರು ಎಲ್ಲಿ ನಿಂತಿದ್ದರು, ಯಾರ ಕೈಯಲ್ಲಿ ಏನಿತ್ತು, ಎಲ್ಲ ಗೊತ್ತು. ನೀವು ಆಗ ಹುಟ್ಟಿಯೇ ಇರಲಿಲ್ಲ. ಸುಮ್ಮನೆ ಕೇಳಿ.

ನೀವೆಲ್ಲ ಹೇಳುವುದು ಒಂದೇ ಮಾತು. ಜಿಲಾನಿ ಪಾಷಾ ಪೈಪಿಗೆ ಹಸಿ ಉಸುಕು ತುಂಬಿ ಒಬ್ಬನ ಕೈ ಮುರಿದ ಅಂತ. ಸುಳ್ಳು. ಆ ಸುಳ್ಳಿನಿಂದ ಒಬ್ಬ ಒಳ್ಳೆಯ ಕೆಲಸಗಾರನ ಹೆಸರು ಮಣ್ಣಾಯಿತು. ಇವತ್ತು ಅದನ್ನು ಸರಿ ಮಾಡಿಯೇ ಸಾಯುವವನು ನಾನು.

ಜಿಲಾನಿ ದೇವದುರ್ಗದವನು. ರಾಯಚೂರಿನಲ್ಲಿ ನನ್ನ ಗ್ಯಾಸ್ ವೆಲ್ಡಿಂಗ್ ಅಂಗಡಿಯ ಪಕ್ಕದಲ್ಲೇ ಅವನ ಸೈಲೆನ್ಸರ್ ಅಂಗಡಿ. ಲಾರಿಯೋ ಜೀಪೋ, ಹೊಗೆ ಹೋಗುವ ಪೈಪು ಬಗ್ಗಿಸಬೇಕು ಅಂದರೆ ಜಿಲ್ಲೆಗೆಲ್ಲ ಅವನೊಬ್ಬನೇ. ಅವನು ಬಗ್ಗಿಸಿದ ಪೈಪಿನ ಮೇಲೆ ಕೈ ಆಡಿಸಿದರೆ ಒಂದು ಸುಕ್ಕು ಸಿಗುತ್ತಿರಲಿಲ್ಲ.

ಅವನ ಹತ್ತಿರ ಮಾನ್ವಿಯಿಂದ ವಿರೂಪಣ್ಣ ಬಂದ. ಅಕ್ಕಿ ಗಿರಣಿಯಲ್ಲಿ ಫಿಟ್ಟರ್. ರದ್ದಿ ಅಂಗಡಿಯಲ್ಲಿ ಸಿಕ್ಕ ಯಾವುದೋ ಅಮೆರಿಕದ ಪತ್ರಿಕೆಯ ಚಿತ್ರ ನೋಡಿ ಮೂರು ವರ್ಷದಿಂದ ಗಿರಣಿಯ ಹಿಂದಿನ ಶೆಡ್ಡಿನಲ್ಲಿ ತಾನೇ ಒಂದು ಗಾಡಿ ಕಟ್ಟುತ್ತಿದ್ದ. ಮಿಲಿಟರಿ ಹರಾಜಿನ ಜೀಪಿನ ಚಾಸಿ, ಮುರಿದ ಲಾರಿಯ ಆರು ಸಿಲಿಂಡರ್ ಎಂಜಿನ್. ಬಾನೆಟ್ ಇಲ್ಲ, ಬಾಗಿಲಿಲ್ಲ. ಊರಲ್ಲಿ ಅದಕ್ಕೆ ಬೋಳು ಗಾಡಿ ಅನ್ನುತ್ತಿದ್ದರು.

“ಒಂದೊಂದು ಸಿಲಿಂಡರಿಗೆ ಒಂದೊಂದು ಪೈಪು ಬೇಕ್ರಿ ಉಸ್ತಾದ. ಆರೂ ಬಳುಕಿ ಬಂದು ಕೆಳಗ ಒಂದ್ರಾಗ ಕೂಡಬೇಕು.”

“ಅರೇ ವಿರೂಪಣ್ಣ, ಗಾಡಿ ಮಾಡಾಕತ್ತಿಯೋ, ಶಹನಾಯಿ ಮಾಡಾಕತ್ತಿಯೋ?”

“ಊದೋರು ನೀವು ಅದೀರಲ್ರಿ!”

ಸೋಮವಾರ ನಾನು ಗ್ಯಾಸ್ ಸಿಲಿಂಡರ್ ಹೊತ್ತು ಜಿಲಾನಿಯ ಜೊತೆ ಮಾನ್ವಿಗೆ ಹೋದೆ. ಗಿರಣಿಯ ಹಳೆಯ ಬಾಯ್ಲರ್ ಪೈಪುಗಳಿದ್ದವು. ಈಗಿನ ಮಷೀನು ಆಗೆಲ್ಲಿ? ಬರಿ ಪೈಪು ಕಾಯಿಸಿ ಬಗ್ಗಿಸಿದರೆ ಮೊಣಕಾಲು ಮಡಿಸಿದ ಹಾಗೆ ಚಪ್ಪಟೆಯಾಗುತ್ತದೆ. ಅದಕ್ಕೇ ಒಳಗೆ ಉಸುಕು ಗಟ್ಟಿಯಾಗಿ ತುಂಬಿ, ಎರಡೂ ಬಾಯಿಗೆ ಜಾಲಿ ಕಟ್ಟಿಗೆಯ ಬಿರಡೆ ಬಡಿದು, ಕೆಂಪಗೆ ಕಾಯಿಸಿ ಬಗ್ಗಿಸುವುದು. ದೇವದುರ್ಗದ ಕಡೆಯ ಗೂಗಲ್ ಊರಿನ ಹೊಳೆ ದಂಡೆಯ ಉಸುಕೇ ಆಗಬೇಕು ಜಿಲಾನಿಗೆ, ಸಣ್ಣದು ಅಂತ. ಅದನ್ನು ಕಬ್ಬಿಣದ ಹಾಳೆಯ ಮೇಲೆ ಶೇಂಗಾ ಹುರಿದ ಹಾಗೆ ಅರ್ಧ ದಿನ ಹುರಿದ. ಆಮೇಲೆ ಅದರ ಮೇಲೆ ಕನ್ನಡಿಯ ಚೂರು ಹಿಡಿದು ನನ್ನನ್ನು ಕರೆದ.

“ನೋಡು ಲೇ ಪಕೀರಾ, ಕನ್ನಡಿ ಬೆವತದೇನು?”

“ಇಲ್ಲ ಭಾಯ್.”

“ಬೆವತ್ರ ಮತ್ತ ಹುರೀಬೇಕು. ಹನಿ ನೀರು ಒಳಗ ಉಳದ್ರ ಅದು ಪೈಪಲ್ಲ, ತೋಪು.”

ಈ ಎರಡು ಕಣ್ಣಿಂದ ನೋಡಿದ್ದೇನೆ. ಕನ್ನಡಿ ಬೆವತಿರಲಿಲ್ಲ. ಸಂಜೆಯೊಳಗೆ ಐದು ಪೈಪು ಮುಗಿದವು, ಐದೂ ಆನೆ ಸೊಂಡಿಲಿನ ಹಾಗೆ. ವಿರೂಪಣ್ಣ ಅವುಗಳನ್ನು ಮುಟ್ಟಿದ್ದೇ ಮುಟ್ಟಿದ್ದು.

ಮಂಗಳವಾರ ಬೆಳಿಗ್ಗೆ ಮೂವರೂ ಬಸ್‌ಸ್ಟ್ಯಾಂಡ್ ಹತ್ತಿರ ಮಂಡಕ್ಕಿ ಒಗ್ಗರಣೆ, ಮಿರ್ಚಿ ತಿಂದು ಬಂದೆವು. ಜಿಲಾನಿ ಹಿಂದಿನ ದಿನ ಹುರಿದಿಟ್ಟ ಉಸುಕಿನ ಗುಡ್ಡೆ ಮುಟ್ಟಿ ನೋಡಿದ. ಮೇಲೆಲ್ಲ ಒಣಗಿತ್ತು, ಬಿಸಿಲಿಗೆ ಬೆಚ್ಚಗಿತ್ತು. ಮೊರದಲ್ಲಿ ಬಾಚಿ ಆರನೇ ಪೈಪಿಗೆ ತುಂಬಿದ, ಬಿರಡೆ ಬಡಿದ. ನಾನು ಬೆಂಕಿ ಹಿಡಿದೆ. ವಿರೂಪಣ್ಣ ಎದುರಿನ ತುದಿಯಲ್ಲಿ, ಬಗ್ಗಿಸುವುದಕ್ಕೆ ತಯಾರಾಗಿ ನಿಂತ.

ಪೈಪು ಕೆಂಪಗಾಗುತ್ತಾ ಬಂತು. ಆಮೇಲೆ ಏನಾಯಿತು ಅಂತ ಕಿವಿಗೆ ಗೊತ್ತಾಗಲೇ ಇಲ್ಲ, ಎದೆಗೆ ಗೊತ್ತಾಯಿತು. ಢಂ! ತಗಡಿನ ಮೇಲಿನ ಪಾರಿವಾಳಗಳೆಲ್ಲ ಎದ್ದವು. ಬಿರಡೆ ಹಾರಿ ವಿರೂಪಣ್ಣನ ಎಡ ಮೊಣಕೈಗೆ ಬಡಿದಿತ್ತು. ಅವನು ತನ್ನ ಕೈ ಹಿಂದಕ್ಕೆ ಮಡಿಚಿಕೊಂಡದ್ದನ್ನು ಬೇರೆ ಯಾರದೋ ಕೈ ಅನ್ನುವ ಹಾಗೆ ನೋಡುತ್ತಾ ನಿಂತಿದ್ದ. ತಡೆಯಿರಿ, ನೀರು ಕುಡಿಯುತ್ತೇನೆ.

ಹಾಂ. ಗಿರಣಿಯ ಲಾರಿಯಲ್ಲಿ ರಾಯಚೂರಿನ ಆಸ್ಪತ್ರೆಗೆ ಒಯ್ದೆವು. ಕೈ ಉಳಿಯಿತು, ನೆಟ್ಟಗಾಗಲಿಲ್ಲ. ಗೇರ್ ಹಾಕುವ ಕೈ ಅದು. ತಾನು ಕಟ್ಟಿದ ಗಾಡಿಯನ್ನು ಅವನು ಒಂದು ದಿನವೂ ಓಡಿಸಲಿಲ್ಲ.

ಮಂದಿ ಬಿಡುತ್ತಾರಾ? “ಹಸಿ ಉಸುಕು ತುಂಬ್ಯಾನ್ರಿ, ಮತ್ತೇನು!” ನಾನು ಬಾಯಿ ಹರಿಯುವ ಹಾಗೆ ಕೂಗಿದೆ, ಕನ್ನಡಿ ಬೆವತಿರಲಿಲ್ಲ ಅಂತ. “ನೀ ಅವನ ದೋಸ್ತ, ಮತ್ತೇನ್ ಅಂತಿ?” ಅಂದರು. ಮೂರು ತಿಂಗಳಲ್ಲಿ ಜಿಲಾನಿಯ ಅಂಗಡಿಯ ಮುಂದೆ ಒಂದು ಗಾಡಿ ನಿಲ್ಲಲಿಲ್ಲ. ಅದಕ್ಕಿಂತ ಕೆಟ್ಟದ್ದು, ಅವನೇ ನಂಬಿಬಿಟ್ಟ. “ನನ್ನ ಕಣ್ಣೇ ತಪ್ಯಾವ, ಪಕೀರಾ,” ಅಂದು ಬಾಗಿಲು ಹಾಕಿ ದೇವದುರ್ಗಕ್ಕೆ ಹೋಗಿ ಬಳೆ ಮಾರುತ್ತಾ ಕೂತ.

ಮರುವರ್ಷ ನಾನು ವಿರೂಪಣ್ಣನನ್ನು ಮಾತಾಡಿಸಲು ಮಾನ್ವಿಗೆ ಹೋದೆ. ಅವನಿರಲಿಲ್ಲ. ಅವನ ತಾಯಿ ಬೂದೆಮ್ಮ ಚಹಾ ಕೊಟ್ಟು ಕಣ್ಣೊರೆಸಿಕೊಂಡಳು.

“ಯಪ್ಪಾ, ನಾ ಏನ್ ಕಡಿಮಿ ಮಾಡಿದ್ದೆ? ಅವತ್ತು ಮುಂಜಾನಿ ನೀರಮಾನ್ವಿ ಯಲ್ಲಮ್ಮನ ತೀರ್ಥ ತಂದಿದ್ದೆ. ನೀವು ಚಾ ಕುಡಿಯಾಕ ಹೋಗಿದ್ರಿ. ಗಾಡಿಗಿ ಹಾಕಿದೆ, ಪೈಪಿಗಿ ಹಾಕಿದೆ. ಬೆಂಕ್ಯಾಗ ಹೋಗೋದು ಉಸುಕು ನೋಡು, ಅದಕ್ಕ ಎರಡು ಚರಗಿ ಹಾಕಿದೆ. ಆದ್ರೂ ಅವ್ವ ಕೈ ಹಿಡೀಲಿಲ್ಲ.”

ಚಹಾ ಅಲ್ಲೇ ಕೆಳಗಿಟ್ಟೆ. ಎರಡು ಚರಗಿ ನೀರು!

“ಯವ್ವಾ, ಉಸುಕು ಮ್ಯಾಲ ಒಣಾನ ಇತ್ತಲ್ಲ?”

“ಇರತದಪ್ಪ. ತೀರ್ಥ ತುಳ್ಯಾಕ ಬರತದೇನು? ನೀವು ಚಪ್ಲಿ ಮೆಟ್ಟಿ ಅಡ್ಡಾಡ್ತೀರಿ. ಅದಕ್ಕ ಬಾಜೂಕಿನ ಒಣಾ ಉಸುಕು ಎಳದು ಮುಚ್ಚಿದೆ.”

ಎದ್ದು ಬಂದುಬಿಟ್ಟೆ. ಬರುತ್ತೇನೆ ಅಂತಲೂ ಹೇಳಲಿಲ್ಲ. ಸೀದಾ ದೇವದುರ್ಗದ ಬಸ್ಸು ಹತ್ತಿದೆ.

ಜಿಲಾನಿ ಬಳೆ ಜೋಡಿಸುತ್ತಿದ್ದ. ಹೇಳಿದೆ. ಕೈಯಲ್ಲಿನ ಬಳೆ ಹಾಗೇ ಬಿಟ್ಟು ಎದ್ದು ನಿಂತ.

“ಮತ್ತೊಮ್ಮೆ ಹೇಳು. ನಂದು ತಪ್ಪಿಲ್ಲಾ?”

“ನಿಂದು ತಪ್ಪಿಲ್ಲ.”

“ಕನ್ನಡಿ ಖರೇ ಹೇಳಿತ್ತಾ?”

“ಖರೇ ಹೇಳಿತ್ತು ಭಾಯ್. ನಡಿ, ಮಾನ್ವಿಗೆ ಹೋಗಿ ನಾಕು ಮಂದಿ ಮುಂದ ಹೇಳಣು.”

ಅವನು ನಕ್ಕ, ಅತ್ತ, ಕೊನೆಗೆ ಕೇಳಿದ. “ಆ ಯವ್ವಗ ತಿಳದದೇನು, ತನ್ನ ಕೈಲಿಂದ ಆತು ಅಂತ?”

“ಇಲ್ಲ.”

“ಹಂಗಾದ್ರ ಹೇಳಬ್ಯಾಡ. ಮಗನ ಕೈ ದಿನಾ ಕಣ್ಣ ಮುಂದ ಇರತದಲೇ. ಅಕಿ ಇರೋ ತನಕ ಬಾಯಿ ಬಿಡಬ್ಯಾಡ, ಆಣಿ ಹಾಕು.”

“ನಿನ್ನ ಹೆಸರೋ, ಹುಚ್ಚಾ?”

“ನನಗ ತಿಳೀತಲ್ಲ,” ಅಂದ. ಅಷ್ಟೇ.

ಆಣೆ ಹಾಕಿದೆ. ಬೇಗ ಹಾಕಿದೆ, ಅದನ್ನೂ ಹೇಳಿಬಿಡುತ್ತೇನೆ. ಅವನ ಗಿರಾಕಿಗಳೆಲ್ಲ ಅಷ್ಟರಲ್ಲಿ ನನ್ನ ಅಂಗಡಿಗೆ ಬರುತ್ತಿದ್ದರು.

ಜಿಲಾನಿ ತೀರಿಕೊಂಡು ಇಪ್ಪತ್ತು ವರ್ಷ ಮೇಲಾಯಿತು. ವಿರೂಪಣ್ಣನೂ ಹೋದ. ಬೂದೆಮ್ಮ ಮಾತ್ರ ತೊಂಬತ್ತು ದಾಟಿ ಬದುಕಿದಳು, ಹೋದ ತಿಂಗಳು ಮಣ್ಣಿಗೆ ನಾನೇ ಹೋಗಿದ್ದೆ. ಆಣೆ ತೀರಿತು. ಆ ತಾಯಿಯನ್ನು ಯಾರೂ ಬಯ್ಯಬೇಡಿ, ಮಗನಿಗೆ ಒಳ್ಳೆಯದಾಗಲಿ ಅಂತ ಮಾಡಿದ್ದು ಅದು. ಆದರೆ ಜಿಲಾನಿ ಪಾಷಾನ ಉಸುಕು ಒಣಗಿತ್ತು. ದೇವದುರ್ಗದಲ್ಲಿ ಅವನ ಮಗಳು ಹೀರಾಬಿ ಇದ್ದಾಳೆ, ಅಪ್ಪನ ಕೆಲಸದ ಮಾತು ಬಂದರೆ ಈಗಲೂ ತಲೆ ತಗ್ಗಿಸುತ್ತಾಳಂತೆ. ಅವಳ ನಂಬರ್ ನನ್ನ ಹತ್ತಿರ ಇಲ್ಲ. ನಿಮ್ಮಲ್ಲಿ ಯಾರ ಹತ್ತಿರವಾದರೂ ಇದ್ದೇ ಇರುತ್ತದೆ. ಈ ವಾಯ್ಸ್ ಮೆಸೇಜನ್ನು ಕತ್ತರಿಸದೆ, ಹೀಗೇ, ಮೊದಲು ಅವಳಿಗೆ ಕಳಿಸಿ. ಆಮೇಲೆ ಊರಿಗೆಲ್ಲ ಕಳಿಸಿ.