ಮೂರು ದಿನದ ಪಾತ್ರ

ಯಾವ ಬಾಗಿಲೇ ಎದುರಾಗಲಿ, ಅದು ದಿನಸಿ ಅಂಗಡಿಯದಿರಲಿ, ಹಲ್ಲಿನ ಡಾಕ್ಟರದಿರಲಿ, ಲೊರೇನ್ ವಿಕರ್ಸ್ ಒಂದು ಗಳಿಗೆ ನಿಂತು, ಗದ್ದವನ್ನು ತುಸುವೇ ಎತ್ತಿ, ಉಸಿರು ತುಂಬಿಕೊಂಡ ಮೇಲೆಯೇ ಒಳಗಡಿಯಿಡುತ್ತಿದ್ದರು. ಅರುವತ್ತೈದರ ಆ ಕೃಶಕಾಯದ ಮೇಲೆ ಅಲ್ಲಿನ ಹೆಂಗಸರು ತೊಡುವ ಕಪ್ಪು ನಿಲುವಂಗಿ, ಅಬಾಯ ಕೂಡ ಯಾರೋ ಅಳತೆ ತೆಗೆದು ಹೊಲಿದ ವೇಷದಂತೆ ಕಾಣುತ್ತಿತ್ತು. ಸೌದಿಯ ಜುಬೈಲಿನಲ್ಲಿ ಅವರ ಕಾರು ಓಡಿಸುತ್ತಿದ್ದ ಬಂಟ್ವಾಳದ ಉಮ್ಮರಬ್ಬ ಎರಡು ವರ್ಷ ಬಾಗಿಲಲ್ಲಿ ಹಾಗೆ ನಿಲ್ಲುವುದನ್ನು ಮೊಣಕಾಲಿನ ನೋವೆಂದೇ ತಿಳಿದಿದ್ದ.

ನಿಜ ತಿಳಿದದ್ದು ಬಡಾವಣೆಯ ಅಡುಗೆಯವ ಸಾಂತಪ್ಪನಿಂದ. “ಎಂತ ಮಾರಾಯ, ನಿನ್ನ ಮೇಡಂ ಅಮೆರಿಕದಲ್ಲಿ ಹೀರೋಯಿನ್ ಆಗಿದ್ದವರಂತೆ. ನಿಂಗೆ ಗೊತ್ತೇ ಇಲ್ವಾ?”

ಮರುದಿನ ಉಮ್ಮರಬ್ಬ ತನ್ನ ಹರಕು ಇಂಗ್ಲಿಷಿನಲ್ಲಿ ಕೇಳಿಯೇಬಿಟ್ಟ. ಲೊರೇನ್ ಕಿಟಕಿಯಾಚೆ ನೋಡುತ್ತ, ಬೇರಾರದೋ ವೃತ್ತಾಂತವೆಂಬಂತೆ ಹೇಳಿದರು: ಒಹಾಯೊದ ಚಪ್ಪಲಿ ಅಂಗಡಿಯವನ ಮಗಳು; ಇಪ್ಪತ್ತನೇ ವಯಸ್ಸಿಗೆ ಮೊದಲ ಚಿತ್ರ; ಮೂರು ಚಿತ್ರಗಳಲ್ಲಿ ನಾಯಕಿ; ಮೂವತ್ತೆಂಟಕ್ಕೆ, ತನಗಿಂತ ಆರೇ ವರ್ಷ ಚಿಕ್ಕವನಾದ ನಟನಿಗೆ ತಾಯಿಯ ಪಾತ್ರ; ನಲವತ್ತೈದಕ್ಕೆ ಫೋನು ಮೌನ. ಆಮೇಲೆ ಸಾಬೂನಿನ ಜಾಹೀರಾತುಗಳಿಗೆ ಧ್ವನಿ ಕೊಟ್ಟರು, ವಾಲ್ಟರ್ ಎಂಬ ಎಂಜಿನಿಯರನ್ನು ಮದುವೆಯಾದರು, ರಾಸ್ ಅಲ್ ಖೈರ್‌ನ ವಿದ್ಯುತ್ ಸ್ಥಾವರದ ಕೆಲಸಕ್ಕೆ ಬಂದ ಆತನ ಬೆನ್ನಿಗೆ ಈ ಮರಳಿಗೆ ಬಂದರು. ತನ್ನ ಒಂದು ಚಿತ್ರವನ್ನೂ ಗಂಡ ನೋಡಕೂಡದೆಂದು ಆಣೆ ಹಾಕಿಸಿದ್ದರು. “ಆ ಹುಡುಗಿಯನ್ನು ನೋಡಿದರೆ, ನನ್ನಲ್ಲಿ ಅವಳನ್ನೇ ಹುಡುಕುತ್ತಾ ಕೂರುತ್ತಾನೆ” ಎಂದರು.

ಎರಡು ಸಾವಿರದ ಹದಿನಾಲ್ಕರ ಚಳಿಗಾಲದಲ್ಲಿ ಅಮೆರಿಕದಿಂದ ಕರೆ ಬಂತು. ಹೊಸ ನಿರ್ದೇಶಕನೊಬ್ಬನಿಗೆ ಆಸ್ಪತ್ರೆಯ ಮುದುಕಿಯೊಬ್ಬಳು ಬೇಕಿದ್ದಳು. ಮೂರು ದಿನದ ಕೆಲಸ. ಇಪ್ಪತ್ತು ವರ್ಷಗಳ ಮೇಲೆ ಬಂದ ಮೊದಲ ಪಾತ್ರವದು. ಹೋಗುವುದೋ ಬೇಡವೋ ಎಂದು ವಾರವಿಡೀ ತೊಳಲಾಡಿದರು. ಕೊನೆಗೆ ದಮ್ಮಾಮಿನ ವಿಮಾನ ಹತ್ತಿದರು. ಹತ್ತು ದಿನಕ್ಕೆ ಮರಳಿದವರು ದಾರಿಯುದ್ದಕ್ಕೂ ಆಡಿದ್ದು ಒಂದೇ ಮಾತು: “ಮೈಮರೆತು ಮಾಡಿದೆ ಉಮರ್. ಇನ್ನು ಸಾಕು.”

ಮರುವರ್ಷ ಚಿತ್ರ ಬಿಡುಗಡೆಯಾಯಿತು. ಸೌದಿಯಲ್ಲಿ ಆಗ ಚಿತ್ರಮಂದಿರವಿರಲಿಲ್ಲ. ಸಿನಿಮಾ ನೋಡಬೇಕಾದವರು ಸಮುದ್ರದ ಮೇಲಿನ ಸೇತುವೆ ದಾಟಿ ಬಹ್ರೈನಿಗೆ ಹೋಗಬೇಕಿತ್ತು. ಲೊರೇನ್ ಗಂಡನ ಆಣೆಯನ್ನು ಒಂದು ದಿನದ ಮಟ್ಟಿಗೆ ಬಿಡಿಸಿದರು. ಉಮ್ಮರಬ್ಬ ತನ್ನ ವೀಸಾದ ಹೊಣೆ ಹೊತ್ತ ಕಫೀಲನಿಂದ ಗಡಿ ದಾಟುವ ಕಾಗದ ಮಾಡಿಸಿಕೊಂಡ. ಶುಕ್ರವಾರ ಮಧ್ಯಾಹ್ನದ ಆಟಕ್ಕೆ ಮೂವರೂ ಒಂದೇ ಸಾಲಿನಲ್ಲಿ ಕುಳಿತರು.

ಆಸ್ಪತ್ರೆಯ ದೃಶ್ಯ ಬಂತು. ನಾಯಕಿ ಅತ್ತಳು, ಹಾಸಿಗೆಯ ಮೇಲೆ ನರಗಳುಬ್ಬಿದ ಒಂದು ಕೈ ಕಂಡಿತು, ದೃಶ್ಯ ಮುಗಿಯಿತು. ಲೊರೇನರ ಮುಖವಿಲ್ಲ, ಮಾತಿಲ್ಲ. ಲೊರೇನ್ ಅಲುಗಲಿಲ್ಲ. ಜನ ಎದ್ದುಹೋಗಿ, ಕಸ ಗುಡಿಸುವವರು ಬಂದು, ಪರದೆಯ ಮೇಲಿನ ಹೆಸರುಗಳೆಲ್ಲ ಉರುಳಿ ತೀರುವ ತನಕ ಕುಳಿತೇ ಇದ್ದರು. ಹೆಸರು ಇತ್ತು, ಚಿತ್ರತಂಡದ ಅಡುಗೆಯವರ ಪಟ್ಟಿಗೆ ಸ್ವಲ್ಪ ಮೇಲೆ.

ವಾಪಸಾಗುವಾಗ ಸೇತುವೆಯ ಮೇಲೆ ವಾಹನಗಳ ಸಾಲು ನಿಂತಿತ್ತು. ವಾಲ್ಟರ್ ಹೆಂಡತಿಯ ಕೈ ಹಿಡಿದುಕೊಂಡಿದ್ದರು. ಉಮ್ಮರಬ್ಬನೇ ಕನ್ನಡಿಯಲ್ಲಿ ನೋಡಿ ಕೇಳಿದ: “ಮೇಡಂ, ಅಲ್ಲಿ ನೀವು ಎಂತ ಹೇಳ್ಲಿಕ್ಕಿತ್ತು?”

ಲೊರೇನ್ ತಲೆಯನ್ನು ಸೀಟಿಗೆ ಆನಿಸಿ, ಕಣ್ಣು ತೆರೆದೇ, ಸಾಯುವವಳು ಮಗಳಿಗೆ ಹೇಳುವ ಮಾತನ್ನು ಹೇಳಿದರು: “ಬಸ್ಸಿಗೆ ಹೊತ್ತಾಯಿತು. ನೀನು ಹೊರಡು. ನಾನು ಸ್ವಲ್ಪ ಮಲಗುತ್ತೇನೆ.”

ಎದುರಿನ ವಾಹನ ಮುಂದೆ ಸರಿದರೂ ಉಮ್ಮರಬ್ಬನ ಕಾಲು ಬ್ರೇಕಿನ ಮೇಲೆಯೇ ಉಳಿಯಿತು. ಹಿಂದಿನವರು ಹಾರ್ನ್ ಹೊಡೆದರು.

“ಇಷ್ಟೇನಾ?” ವಾಲ್ಟರ್ ಕೇಳಿದರು.

“ಇಷ್ಟೇ. ಮೂರು ದಿನ ಇಷ್ಟನ್ನೇ ಹೇಳಿದೆ.”

ಕೀರ್ತಿಯ ಶಿಖರ ಮುಟ್ಟಿದವರ ಚರಿತ್ರೆ ಬರೆಯಲು ನೂರು ಜನರಿದ್ದಾರೆ. ನಡುದಾರಿಯಲ್ಲೇ ಉಳಿದ ಇಂಥವರಿಗೂ ವಿದ್ಯೆ ಪೂರ್ತಿ ಒಲಿದಿರುತ್ತದೆ, ಕರೆ ಮಾತ್ರ ಬಾರದೆ ಹೋಗುತ್ತದೆ. ದಣಿದಿರುತ್ತಾರೆ, ಸಾಕೆನ್ನುತ್ತಾರೆ, ಆದರೂ ಯಾರಾದರೂ ಕೇಳಿದರೆ, ಕೇಳುವವರು ಇಬ್ಬರೇ ಆದರೂ, ಸರಿಯಾಗಿಯೇ ಮಾಡುತ್ತಾರೆ. ಅರೆಮನಸ್ಸಿನಿಂದ ಮಾಡುವುದು ಅವರಿಗೆ ಬರುವುದೇ ಇಲ್ಲ.