ಚೆಕ್‌ಪೋಸ್ಟಿಗೆ ಜಾಲರಿ

"ನಾಳೆ ಭಾನುವಾರ ಹೊರಡ್ತೀನಿ. ನಿನ್ನ ತಂಗಿಗೆ ಫೋನ್ ಮಾಡಿ ಹೇಳಿದ್ದೂ ಆಯ್ತು," ಎಂದ ಅಮ್ಮ ಕನ್ನಡಕದ ಡಬ್ಬಿಯನ್ನು ಚೀಲದ ತಳಕ್ಕೆ ತುರುಕಿದಳು.

ಜಾಲರಿಯವನ ಚಹಾ ಲೋಟ ತುಟಿಯ ಹತ್ತಿರ ಹೋದದ್ದು ಅಲ್ಲೇ ನಿಂತಿತು. "ಎಷ್ಟು ದಿನಕ್ಕಮ್ಮ?"

"ದಿನದ ಮಾತೇ ಇಲ್ಲ. ಇನ್ಮೇಲೆ ಅಲ್ಲೇ ಇರ್ತೀನಿ."

"ಅವಳ ಮನೆ ನಾಲ್ಕನೇ ಮಹಡಿ. ಕಿಟಕಿ ತೆಗೆದ್ರೆ ಪಕ್ಕದ ಕಟ್ಟಡದ ನೀರಿನ ಟ್ಯಾಂಕ್ ಬಿಟ್ರೆ ಬೇರೇನೂ ಕಾಣಲ್ಲ. ಎರಡು ದಿನಕ್ಕೇ ಉಸಿರು ಕಟ್ಟುತ್ತೆ ಅಂತ ನೀನೇ ಹೇಳ್ತಿದ್ದೆ."

"ಟ್ಯಾಂಕು ವಾಸಿ ಕಣೋ," ಎಂದಳು ಅಮ್ಮ. "ನನ್ನ ನೋಡಿ ಮುಖ ತಿರುಗಿಸಿಕೊಂಡಾದ್ರೂ ಹೋಗಲ್ಲ."

ಜಾಲರಿಯವನೆಂದರೆ ಕಿಟಕಿ ಬಾಗಿಲುಗಳಿಗೆ ಸೊಳ್ಳೆ ಜಾಲರಿ ಕೂರಿಸುವವನು. ಇಪ್ಪತ್ತೆರಡು ವರ್ಷದಿಂದ ಅದೇ ಕಸುಬು. ಬಿಸಿಲೇರಿ ಚರಂಡಿಯ ನೀರು ಹರಿಯುವುದನ್ನು ಮರೆತು ಹಸಿರಾಗಿ ನಿಂತಿತೆಂದರೆ ಅವನಿಗೆ ತಲೆ ಕೆರೆದುಕೊಳ್ಳಲೂ ಪುರುಸೊತ್ತಿಲ್ಲ. ಸೊಂಟಕ್ಕೆ ಅಳತೆ ಟೇಪು, ಸ್ಕೂಟರಿನ ಹಿಂದೆ ಅಲ್ಯೂಮಿನಿಯಂ ಪಟ್ಟಿಯ ಕಟ್ಟು, ಬಾಯಲ್ಲಿ ಎರಡು ಸ್ಕ್ರೂ. ಊರಿನ ಅರ್ಧ ಮನೆಗಳ ಕಿಟಕಿಯ ಅಳತೆ ಅವನಿಗೆ ಬಾಯಿಪಾಠ. ತನ್ನ ಮನೆಯ ಕಿಟಕಿಗಳಿಗೆ ಮಾತ್ರ ಮೊನ್ನೆ ಮೊನ್ನೆಯವರೆಗೂ ಹಳೆ ಟವಲು ಕಟ್ಟಿತ್ತು. "ಈ ಸೀಸನ್ ಮುಗೀಲಿ ಕಣೇ" ಎಂದು ಹೆಂಡತಿಗೆ ಹೇಳಿದ್ದೇ ಹೇಳಿದ್ದು. ಸೀಸನ್ ಮುಗಿದ ಮೇಲೆ ಜಾಲರಿ ಯಾರಿಗೆ ಬೇಕು!

ಹೋದ ಬೇಸಿಗೆಯಲ್ಲಿ ಅಮ್ಮನಿಗೆ ಜ್ವರ ಬಂತು. ಸೊಳ್ಳೆ ಜ್ವರ. ಒಂಬತ್ತು ದಿನ ಆಸ್ಪತ್ರೆ. ಇನ್ನೊಂದು ಸಲ ಬಂದರೆ ಈ ವಯಸ್ಸಿಗೆ ತಡೆಯುವುದು ಕಷ್ಟ ಎಂದು ಡಾಕ್ಟರು ಹೇಳಿದ್ದರು. ಊರಿಗೆಲ್ಲ ಜಾಲರಿ ಹಾಕುವವನ ತಾಯಿಗೇ ಸೊಳ್ಳೆ ಕಚ್ಚಿತೆಂದರೆ ಯಾವ ಮುಖ ಇಟ್ಟುಕೊಂಡು ತಿರುಗುವುದು? ಈ ಸಲ ಮೊದಲ ಗಿರಾಕಿಯ ಫೋನು ಬರುವ ಮೊದಲೇ ತನ್ನ ಮನೆಯ ಐದೂ ಕಿಟಕಿಗೆ ಜಾಲರಿ ಕೂರಿಸಿದ. ಮುಂಬಾಗಿಲಿಗೆ ತಾನಾಗೇ ಮುಚ್ಚಿಕೊಳ್ಳುವ ಸ್ಪ್ರಿಂಗ್ ಬಾಗಿಲು. ಒಂದು ಸಾಸಿವೆ ಕಾಳೂ ನುಸುಳದ ಹಾಗೆ ಅಂಚಿಗೆಲ್ಲ ರಬ್ಬರು. ಅಂಥ ಕೆಲಸವನ್ನು ಅವನು ಯಾವ ಗಿರಾಕಿಗೂ ಮಾಡಿಕೊಟ್ಟಿರಲಿಲ್ಲ.

ತೊಂದರೆ ಬಂದದ್ದು ಆ ಬಾಗಿಲಿನಿಂದಲೇ. ಅದಕ್ಕೆ ಮೊದಲು ಅಮ್ಮ ದಿನಾ ಸಂಜೆ ಮೆಟ್ಟಿಲ ಮೇಲೆ ಕುರ್ಚಿ ಹಾಕಿಕೊಂಡು ಕೂರುತ್ತಿದ್ದಳು. ಬೀದಿಯವರು ಅವಳಿಗೆ ಇಟ್ಟ ಹೆಸರು ಚೆಕ್‌ಪೋಸ್ಟ್. ಎಲ್ಲಿಂದ ಬಂದೆ, ಎಲ್ಲಿಗೆ ಹೊರಟೆ, ಚೀಲದಲ್ಲಿ ಏನು ಎಂಬ ಮೂರು ಪ್ರಶ್ನೆಗೆ ಉತ್ತರ ಕೊಡದೆ ಯಾರೂ ಆ ಮನೆ ದಾಟುವ ಹಾಗಿರಲಿಲ್ಲ. ಆ ಹೊತ್ತಿನಲ್ಲಿ ಸೊಸೆ ಮಾತ್ರ ಒಳಗೆ ಬಾಗಿಲು, ಕಿಟಕಿ ಎಲ್ಲ ಜಡಿದು, ದೀಪ ಆರಿಸಿ ಕೂರುತ್ತಿದ್ದಳು. ಬೆಳಕಿದ್ದರೆ ಸೊಳ್ಳೆ ನುಗ್ಗುತ್ತದೆ ಎಂದು ಮದುವೆಯಾಗಿ ಬಂದ ದಿನದಿಂದ ನಡೆಸಿಕೊಂಡು ಬಂದ ಕಾನೂನು. ಏಳು ಗಂಟೆ ಹೊಡೆಯುವ ತನಕ ಆ ಮನೆಯಲ್ಲಿ ಯಾರೂ ಸ್ವಿಚ್ ಮುಟ್ಟುವಂತಿಲ್ಲ.

ಈಗ ಕುರ್ಚಿ ಜಾಲರಿ ಬಾಗಿಲ ಒಳಗಡೆಗೆ ಬಂತು. ಗಾಳಿಗೆ ಗಾಳಿ, ನೋಟಕ್ಕೆ ನೋಟ, ಸೊಳ್ಳೆಗೆ ಸೊನ್ನೆ ಎಂದು ಮಗ ಹಿಗ್ಗಿದ. ಆದರೆ ವಾರ ಕಳೆಯುವಷ್ಟರಲ್ಲಿ ಅಮ್ಮ ಮಂಕಾದಳು. ಹತ್ತು ದಿನಕ್ಕೆ ಕುರ್ಚಿಯಲ್ಲಿ ಕೂರುವುದನ್ನೇ ಬಿಟ್ಟಳು. ಹದಿನೈದನೆಯ ದಿನಕ್ಕೆ ಈ ಚೀಲ.

"ಯಾರು ಮುಖ ತಿರುಗಿಸಿದ್ರು ಹೇಳು, ನಾನು ಹೋಗಿ ಕೇಳ್ತೀನಿ," ಎಂದ ಮಗ.

"ಯಾರು ಅಂತ ಹೇಳಲಿ? ಇಡೀ ಬೀದಿ! ನಮ್ಮನೆ ಹತ್ರ ಬರ್ತಿದ್ದ ಹಾಗೆ ಮಾತು ನಿಲ್ಲಿಸ್ತಾರೆ, ಕಳ್ಳಬೆಕ್ಕಿನ ಥರ ಹೆಜ್ಜೆ ಇಡ್ತಾರೆ. ಆ ಕೊನೇ ಮನೆ ಡ್ರೈವರನ್ನ ಒಂದಿನ ನಾನಾಗೇ ಕೂಗ್ದೆ. ಇತ್ತ ಒಂದು ಸಲ ನೋಡಿ, ತಲೆ ತಗ್ಗಿಸಿಕೊಂಡು ಹೋದ. ಅವನ ಮಗನ ಮದುವೆ ವಿಷಯದಲ್ಲಿ ನಾನು ಏನೋ ಒಂದು ಮಾತು ಅಂದಿದ್ದೆ. ಅದನ್ನೇ ಮನಸ್ಸಲ್ಲಿಟ್ಟುಕೊಂಡು ಎಲ್ಲರ ಕಿವಿ ಊದಿದಾನೆ."

"ಏನಂದಿದ್ದೆ?"

"ಇದ್ದದ್ದನ್ನ ಅಂದಿದ್ದೆ, ಬಿಡು," ಎಂದ ಅಮ್ಮ ಚೀಲದ ಜಿಪ್ ಎಳೆದಳು. ಅದು ಅರ್ಧಕ್ಕೆ ಸಿಕ್ಕಿಕೊಂಡಿತು. ಅವಳ ಕಣ್ಣಲ್ಲಿ ನೀರಿತ್ತು. ಮಗ ಅದನ್ನು ಕಂಡೂ ಕಾಣದವನಂತೆ ಜಿಪ್ ಸರಿಮಾಡಿಕೊಟ್ಟ. ಆಮೇಲೆ ಅದನ್ನು ಯಾಕಾದರೂ ಸರಿಮಾಡಿದೆನೋ ಎನಿಸಿತು.

ಅಮ್ಮ ಸ್ನಾನಕ್ಕೆ ಹೋದದ್ದೇ ತಡ, ಅವನು ಸ್ಕ್ರೂಡ್ರೈವರ್ ಹಿಡಿದು ಜಾಲರಿ ಬಾಗಿಲ ಮುಂದೆ ಮಂಡಿಯೂರಿದ. ಹೆಂಡತಿ ಅಡುಗೆಮನೆಯಿಂದ ಓಡಿ ಬಂದಳು.

"ರೀ, ಏನ್ರೀ ಮಾಡ್ತಿದೀರಿ?"

"ಬಿಚ್ಚಿ ಬಿಡ್ತೀನಿ. ಅಮ್ಮ ಹೊರಗೆ ಮೆಟ್ಟಿಲ ಮೇಲೆ ಕೂತ್ರೆ ಎಲ್ಲ ಮೊದಲಿನ ಹಾಗಾಗುತ್ತೆ."

"ಆಗುತ್ತೆ, ಆಗುತ್ತೆ. ಆಸ್ಪತ್ರೆ ಮಂಚವೂ ಮೊದಲಿನ ಹಾಗೇ ಆಗುತ್ತೆ," ಎಂದು ಅವಳು ಸ್ಕ್ರೂಡ್ರೈವರನ್ನು ಕಿತ್ತುಕೊಂಡಳು. "ಒಂಬತ್ತು ದಿನ ಅವರ ತಲೆಗೆ ಒದ್ದೆ ಬಟ್ಟೆ ಹಾಕಿದವಳು ನಾನು. ಅತ್ತೆ ಮುನಿಸಿಕೊಂಡು ಮಗಳ ಮನೇಲಿರಲಿ, ಪರವಾಗಿಲ್ಲ. ಇರಬೇಕು ಅಷ್ಟೇ."

ಹೆಂಡತಿ ಹೇಳಿದ್ದು ಸರಿ, ಅಮ್ಮನ ಸಂಕಟವೂ ಸರಿ. ಎತ್ತು ಏರಿಗೆ, ಕೋಣ ನೀರಿಗೆ. ನಡುವೆ ನೊಗ ಮಾತ್ರ ತನ್ನದು. ಅವತ್ತು ಎರಡು ಮನೆಯ ಕೆಲಸಕ್ಕೆ ಹೋಗಿ, ಒಂದು ಮನೆಯಲ್ಲಿ ಮಲಗುವ ಕೋಣೆಯ ಜಾಲರಿಯನ್ನು ಸ್ನಾನದ ಕೋಣೆಯ ಕಿಟಕಿಗೆ ಹಿಡಿದು, ಯಾಕೆ ಕೂರುತ್ತಿಲ್ಲ ಎಂದು ಕಾಲು ಗಂಟೆ ಗುದ್ದಾಡಿದ.

ಸಂಜೆ ಬಂದವನಿಗೆ ಅಮ್ಮ ಕೊನೆಯ ಕೆಲಸ ಹೇಳಿದಳು. "ಮೂಲೆ ಅಂಗಡೀಲಿ ನನ್ನ ನಾಲ್ಕು ಬಟ್ಟೆ ಇಸ್ತ್ರಿಗೆ ಕೊಟ್ಟಿದೆ. ತಗೊಂಡು ಬಾ. ಅಲ್ಲಿ ನಿಂತು ನನ್ನ ವಿಷಯ ಮಾತ್ರ ಆಡಬೇಡ."

ಇಸ್ತ್ರಿಯಾಕೆ ಬೀದಿಯ ಮೂಲೆಯಲ್ಲಿ ತಗಡಿನ ಮಾಡಿನ ಕೆಳಗೆ ಬೆವರು ಒರೆಸಿಕೊಳ್ಳುತ್ತಾ ನಿಂತಿದ್ದಳು. ಅವನನ್ನು ಕಂಡವಳೇ ಪೆಟ್ಟಿಗೆಯನ್ನು ಎತ್ತಿ ಪಕ್ಕಕ್ಕಿಟ್ಟು, ದನಿ ತಗ್ಗಿಸಿ ಕೇಳಿದಳು. "ಅಣ್ಣಾ, ಅಜ್ಜಿ ಹೇಗಿದಾರೆ? ಎದ್ದು ಕೂತ್ಕೊಳ್ತಾರಾ?"

"ಎದ್ದು ಕೂತ್ಕೊಳ್ಳೋದಾ? ಚೆನ್ನಾಗೇ ಇದಾಳಲ್ಲ."

"ನಮ್ಮ ಹತ್ರ ಮುಚ್ಚಿಡಬೇಡಿ ಅಣ್ಣ. ಹದಿನೈದು ದಿನ ಆಯ್ತು ಅವರ ಮುಖ ನೋಡಿ. ಹೋದ ವರ್ಷದ್ದೇ ಜ್ವರ ಮರುಕಳಿಸಿದೆ ಅಂತ ಬೀದಿಗೆಲ್ಲ ಗೊತ್ತು. ಅದಕ್ಕೇ ನಿಮ್ಮನೆ ಮುಂದೆ ಯಾರೂ ಗಲಾಟೆ ಮಾಡಬಾರದು ಅಂತ ಎಲ್ಲರಿಗೂ ಹೇಳಿಟ್ಟಿದೀನಿ. ಪಾಪ, ಡ್ರೈವರಪ್ಪ ಹೋಗ್ತಿದ್ದಾಗ ಒಳಗಿಂದ ಏನೋ ಕೂಗಿದ್ರಂತೆ. ನೋಡಿದ್ರೆ ಬಾಗಿಲಲ್ಲಿ ಕತ್ತಲೆ. ಜ್ವರದಲ್ಲಿ ಕನವರಿಸ್ತಿದಾರೆ ಅಂತ ಅವರಿಗೆ ಎಷ್ಟು ಸಂಕಟ ಆಯ್ತು ಗೊತ್ತಾ?"

"ಅಯ್ಯೋ ನನ್ನ ತಾಯಿ! ಅವಳು ಅಲ್ಲೇ ಬಾಗಿಲಲ್ಲೇ ಕೂತಿದ್ಲು! ದಿನಾ!"

"ಎಲ್ಲಿ ಅಣ್ಣ? ನಿಮ್ಮ ಬಾಗಿಲಲ್ಲಿ ಕಪ್ಪು ಪರದೆ ಇಳಿಬಿಟ್ಟ ಹಾಗೆ ಕಾಣುತ್ತೆ."

ಅವನು ಬಟ್ಟೆಯ ಗಂಟು ಎತ್ತಿಕೊಂಡು ಓಡುವುದೊಂದು ಬಾಕಿ. ಬೀದಿಯಲ್ಲಿ ಇನ್ನೂ ಬೆಳಕಿತ್ತು. ತನ್ನ ಮನೆಯ ಎದುರಿಗೆ ನಿಂತು, ಈ ಹದಿನೈದು ದಿನದಲ್ಲಿ ಮೊದಲ ಸಲ, ಹೊರಗಿನವನ ಹಾಗೆ ಬಾಗಿಲನ್ನು ನೋಡಿದ. ಗೋಡೆ ಕಂಡಿತು, ಮೆಟ್ಟಿಲು ಕಂಡಿತು, ಚೌಕಟ್ಟಿನ ಒಳಗೆ ಏನೂ ಇರಲಿಲ್ಲ. ಒಳಗೆ ದೀಪ ಹಾಕದಿದ್ದರೆ ಹೊರಗಿನವರಿಗೆ ಏನೂ ಕಾಣುವುದಿಲ್ಲ ಎಂದು ಸಾವಿರ ಗಿರಾಕಿಗಳಿಗೆ ಹೊಗಳಿ ಮಾರಿದವನು ಅವನೇ. ಆ ಮಾತು ತನ್ನ ಮನೆಗೂ ಸಲ್ಲುತ್ತದೆ ಎಂದು ಹೊಳೆದಿರಲಿಲ್ಲ.

"ಅಮ್ಮಾ!" ಎಂದು ಕೂಗಿದ.

"ಯಾಕೋ ಅರಚ್ತೀಯ? ಇಲ್ಲೇ ಇದೀನಲ್ಲ," ಎಂಬ ದನಿ ಕತ್ತಲೆಯಿಂದ ಬಂತು. ಎದುರಿಗೇ, ನಾಲ್ಕು ಮಾರು ದೂರದಲ್ಲಿ. ಕೊನೆಯ ದಿನವೆಂದೋ ಏನೋ, ಅವಳು ಮತ್ತೆ ಕುರ್ಚಿಯಲ್ಲಿ ಬಂದು ಕೂತಿದ್ದಳು. ಅವನಿಗೆ ನಾಚಿಕೆಯೂ ಆಯಿತು, ನಗೆಯೂ ಬಂತು. ಹತ್ತು ದಿನ ಅವಳು ಇಲ್ಲಿ ಕೂತು, ಬೀದಿಯನ್ನೆಲ್ಲ ನೋಡುತ್ತಾ, ತಾನು ಮಾಡಿದ ತಪ್ಪುಗಳನ್ನು ಒಂದೊಂದಾಗಿ ನೆನೆಸಿಕೊಂಡಿದ್ದಳಲ್ಲ!

"ಲೇ, ನಡುಮನೆ ಲೈಟು ಹಾಕೇ!" ಎಂದು ಹೆಂಡತಿಯನ್ನು ಕೂಗಿದ.

"ಈಗಲಾ? ಇನ್ನೂ ಆರೂವರೆ! ಸೊಳ್ಳೆ ಬರೋ ಹೊತ್ತು!"

"ಜಾಲರಿ ಮತ್ತೆ ಯಾಕೆ ಹಾಕಿದ್ದು? ಚೆಂದಕ್ಕಾ? ಹಾಕೇ ಮಾರಾಯ್ತಿ!"

ಹದಿನೆಂಟು ವರ್ಷದ ಕಾನೂನು ಮುರಿಯುವುದೆಂದರೆ ಸುಮ್ಮನೆ ಮಾತೇ? ಕೊನೆಗೂ ಟಿಕ್ ಎಂದು ಸ್ವಿಚ್ ಬಿತ್ತು. ಚೌಕಟ್ಟಿನೊಳಗೆ ಅಮ್ಮ ಪ್ರತ್ಯಕ್ಷಳಾದಳು. ಕುರ್ಚಿ, ಮೊಣಕಾಲ ಮೇಲಿಟ್ಟ ಎರಡು ಕೈ, ಒಂದು ಕಡೆ ಬಾಚದ ಬಿಳಿ ಕೂದಲು, ಸಿಟ್ಟು ಮಾಡಿಕೊಂಡ ಕೆಳತುಟಿ, ಎಲ್ಲವೂ ಸ್ಪಷ್ಟವಾಗಿ.

"ಅಜ್ಜೀ!" ಎಂದು ಬೆನ್ನ ಹಿಂದಿನಿಂದ ಒಂದು ಕೂಗು. ಅಂಗಡಿಯನ್ನು ಹಾಗೇ ಬಿಟ್ಟು ಇಸ್ತ್ರಿಯಾಕೆ ಬಂದಿದ್ದಳು. "ಅಯ್ಯೋ, ಗುಂಡುಕಲ್ಲಿನ ಹಾಗಿದೀರಲ್ಲ ಅಜ್ಜಿ! ನಾವೆಲ್ಲ ಏನೇನೋ ಅಂದುಕೊಂಡು ದಿನಾ ಕಣ್ಣೀರು ಹಾಕ್ತಿದ್ವಿ!"

"ಯಾಕೆ, ನನಗೇನಾಗಿದೆ ಧಾಡಿ?" ಎಂದಳು ಅಮ್ಮ. ದನಿ ಗಡುಸಾಗಿತ್ತು, ಕುರ್ಚಿ ಮಾತ್ರ ಜಾಲರಿಯ ಕಡೆ ಸರಿಯಿತು. "ಬೀದೀಲಿ ಹೋಗ್ತಾ ಒಂದು ಮಾತಾಡಿಸೋಕೆ ಗತಿ ಇಲ್ಲ. ಕಣ್ಣೀರಂತೆ, ಕಣ್ಣೀರು!"

"ಕಾಣಿಸಿದ್ರೆ ತಾನೇ ಮಾತಾಡ್ಸೋದು? ಜ್ವರ ಅಂತ ನಮ್ಮನೆಯವರಿಗೆ ಈ ಕಡೆ ಕೆಮ್ಮೋಕೂ ಬಿಟ್ಟಿಲ್ಲ ನಾನು."

ಅಮ್ಮ ಇಸ್ತ್ರಿಯಾಕೆಯ ಮುಖವನ್ನು ನೋಡಿದಳು, ಮಗನ ಮುಖ ನೋಡಿದಳು. ವಿಷಯ ತಲೆಗೆ ಇಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಇಳಿದ ಮೇಲೆ ಅವಳು ನಗಲಿಲ್ಲ. "ಹಾಗಾದ್ರೆ ಆ ಡ್ರೈವರು..." ಎಂದಳು.

"ಅವರೇ ಬರ್ತಿದಾರೆ ನೋಡಿ."

ಡ್ರೈವರು ಕೈಚೀಲ ಹಿಡಿದು, ಅಭ್ಯಾಸದಂತೆ ಮೆಲ್ಲಗೆ ಹೆಜ್ಜೆ ಇಡುತ್ತಾ ಬರುತ್ತಿದ್ದ. ಬೆಳಕು ಕಂಡು ತಲೆ ಎತ್ತಿದವನು ಬೀದಿಯ ನಡುವೆಯೇ ನಿಂತುಬಿಟ್ಟ.

"ಏನಪ್ಪಾ, ಎಲ್ಲಿಂದ ಬಂದೆ?" ಎಂದಳು ಅಮ್ಮ. "ಚೀಲದಲ್ಲಿ ಏನು? ಇಲ್ಲಿ ಬಾ, ಹತ್ರ ಬಾ. ಮಗನ ವಿಷಯ ಎಲ್ಲಿಗೆ ಬಂತು ಹೇಳು."

ಅವನು ಮೆಟ್ಟಿಲ ಬುಡಕ್ಕೆ ಬಂದ. ಇಸ್ತ್ರಿಯಾಕೆ ಮೆಟ್ಟಿಲ ಮೇಲೆಯೇ ಕೂತಳು. ಜಾಲರಿಯವ ಒಳಗೆ ಹೋಗಲೆಂದು ಬಾಗಿಲ ಹಿಡಿಗೆ ಕೈ ಹಾಕಿದ.

"ತೆಗೀಬೇಡ! ಸೊಳ್ಳೆ ನುಗ್ಗುತ್ತೆ," ಎಂದು ಅಮ್ಮ ಗದರಿದಳು. "ಅಲ್ಲೇ ಇರು ಸ್ವಲ್ಪ ಹೊತ್ತು."

ಸೊಸೆ ಒಳಗಿನಿಂದ ಫೋನು ಹಿಡಿದುಕೊಂಡು ಬಂದಳು. "ಅತ್ತೆ, ನಾದಿನಿ ಲೈನಲ್ಲಿದಾರೆ. ನಾಳೆ ಎಷ್ಟು ಹೊತ್ತಿಗೆ ಕರ್ಕೊಂಡು ಹೋಗೋಕೆ ಬರಲಿ ಅಂತ ಕೇಳ್ತಿದಾರೆ."

"ನಾಳೆ ಆಗಲ್ಲ ಅನ್ನು," ಎಂದಳು ಅಮ್ಮ, ಡ್ರೈವರನ ಮುಖದಿಂದ ಕಣ್ಣು ತೆಗೆಯದೆ. "ಕೆಲಸದಲ್ಲಿದೀನಿ ಅಂತ ಹೇಳು. ಹ್ಞೂಂ, ನೀನು ಹೇಳಪ್ಪಾ, ಹುಡುಗಿ ಕಡೆಯವರು ಏನಂದ್ರು?"

ಜಾಲರಿಯವ ಇಸ್ತ್ರಿಯ ಬಟ್ಟೆಗಳನ್ನು ತೊಡೆಯ ಮೇಲಿಟ್ಟುಕೊಂಡು ಕೊನೆಯ ಮೆಟ್ಟಿಲಿನಲ್ಲಿ ಕೂತ. ಬೀದಿಯಲ್ಲಿ ಕತ್ತಲಾಗುತ್ತಾ ಬಂತು. ಅವನ ಕಾಲಿಗೆ ಒಂದು ಸೊಳ್ಳೆ ಕಚ್ಚಿತು, ಆಮೇಲೆ ಇನ್ನೊಂದು. ಮಾತಿಗೆ ಅಡ್ಡಿಯಾಗದಂತೆ ಅವನು ಮೆಲ್ಲಗೆ ಕೆರೆದುಕೊಂಡ.